ಕೋಳಿಮರಿಗೆ ಕಾವು ಕೊಡುವ 250 ವ್ಯಾಟಿನ ಕೆಂಪು ಬಲ್ಬು: ಬಳಸಿದವಳ ಮಾತು

ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡು ಗಟ್ಟಿಯಾಗಿ, ಹೊಟ್ಟೆ ಉಬ್ಬಿ, ಕಣ್ಣು ಮುಚ್ಚಿ ಮೂಲೆಯಲ್ಲಿ ನಿಂತ ಮರಿಯನ್ನು ಕಂಡವರೆಲ್ಲ ಮೊದಲು ಕೇಳುವುದು "ಯಾವ ಔಷಧಿ ಹಾಕೋದು?" ಅಂತ. ನಾನಾದರೆ ಮೊದಲು ಕಾವು ನೋಡಿ ಅನ್ನುತ್ತೇನೆ. ಒಂದು ವಾರದೊಳಗಿನ ಮರಿಯ ಹೊಟ್ಟೆ ಕಟ್ಟುವುದಕ್ಕೂ ಅದಕ್ಕೆ ಸಿಗುವ ಬಿಸಿಗೂ ನೇರ ನಂಟಿದೆ. ಅದಕ್ಕೇ ಈ ಬಲ್ಬಿನ ಬಗ್ಗೆ ಬರೆಯುವಾಗ ಬೆಳಕಿಗಿಂತ ಹೊಟ್ಟೆಯ ಮಾತೇ ಹೆಚ್ಚಾಗುತ್ತದೆ.

ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ಮಳೆಗಾಲದಲ್ಲಿ ಗೋಡೆಯೇ ಬೆವರುವ ಜಾಗ. ಇಲ್ಲಿಗೆ ಗಿರಿರಾಜ ಮರಿ ತರಿಸುವವರು ಬಹಳ ಜನ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಈ ತಳಿ ಹಿತ್ತಲಿನಲ್ಲಿ ಮೇಯುತ್ತ ಚೆನ್ನಾಗಿ ಬೆಳೆಯುತ್ತದೆ. ಆದರೆ ಮೊಟ್ಟೆ ಒಡೆದ ದಿನವೇ ಪೆಟ್ಟಿಗೆಗೆ ಹೋದ ಮರಿ ಬಸ್ಸಿನಲ್ಲಿ ಗಂಟೆಗಟ್ಟಲೆ ಕುಲುಕಿ ಮನೆ ಮುಟ್ಟುತ್ತದೆ. ಹೊಟ್ಟೆಯೊಳಗೆ ಉಳಿದ ಹಳದಿ ಲೋಳೆ ಅದನ್ನು ಎರಡು ಮೂರು ದಿನ ಬದುಕಿಸುತ್ತದೆ ನಿಜ, ಆದರೆ ಮೈಯ ನೀರು ಅಷ್ಟರಲ್ಲಿ ಆರಿರುತ್ತದೆ. ಅದರ ಮೇಲೆ ಥಂಡಿಯೂ ತಾಗಿದರೆ ಮರಿ ನೀರಿನ ಹತ್ತಿರ ಹೋಗುವುದಿಲ್ಲ, ಗುಂಪಿನೊಳಗೆ ನುಗ್ಗಿ ನಿಂತುಬಿಡುತ್ತದೆ. ಮೇವು ಕರಗುವುದಿಲ್ಲ. ಹಿಕ್ಕೆ ಅಂಟಂಟಾಗಿ ತುಪ್ಪಳಕ್ಕೆ ಹಿಡಿದು ಒಣಗಿ ಬಿರಡೆ ಹಾಕಿದಂತಾಗುತ್ತದೆ. ಹಾಗೇ ಬಿಟ್ಟರೆ ಒಂದೆರಡು ದಿನದಲ್ಲಿ ಸತ್ತೇ ಹೋಗಬಹುದು.

ಮೊದಲೆಲ್ಲ ಒಂದು 60 ವ್ಯಾಟಿನ ಸಾದಾ ಬಲ್ಬು, ಮೇಲೊಂದು ಬಿದಿರಿನ ಬುಟ್ಟಿ, ಅಷ್ಟೇ ನಮ್ಮ ಏರ್ಪಾಡು. ಬೇಸಿಗೆಯಲ್ಲಿ ಹತ್ತು ಹದಿನೈದು ಮರಿಗೆ ಅದು ಸಾಕು. ಆಷಾಢದ ಮಳೆಯಲ್ಲಿ ಸಾಲದು. ಈಗ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಿಂದ ತಂದ ಈ ಇನ್‌ಫ್ರಾರೆಡ್ ಬಲ್ಬು ಇದೆ. ಇದರ ಗುಣವೆಂದರೆ ಗಾಳಿಯನ್ನು ಕಾಯಿಸುವುದಕ್ಕಿಂತ ಹೆಚ್ಚಾಗಿ ಮರಿಯ ಬೆನ್ನನ್ನೂ ಕೆಳಗೆ ಹಾಸಿದ ಭತ್ತದ ಹೊಟ್ಟನ್ನೂ ನೇರವಾಗಿ ಬಿಸಿ ಮಾಡುವುದು. ಕೋಣೆಯಲ್ಲಿ ತೇವದ ಗಾಳಿ ಆಡುತ್ತಿದ್ದರೂ ಬಲ್ಬಿನ ಕೆಳಗೆ ಬೆಚ್ಚಗಿರುತ್ತದೆ. ಕೆಳಗಿನ ಹೊಟ್ಟು ಗರಿಗರಿಯಾಗಿ ಒಣಗಿರುತ್ತದೆ. ಕೆಂಪು ಬೆಳಕಿನಲ್ಲಿ ಮರಿಗಳು ಒಂದನ್ನೊಂದು ಕುಕ್ಕುವುದೂ ಕಡಿಮೆ.

ಇಷ್ಟು ಹೊಗಳಿದ ಮೇಲೆ ಮುಖ್ಯವಾದ ಎಚ್ಚರಿಕೆಯನ್ನೂ ಹೇಳಲೇಬೇಕು. ಈ ಬಲ್ಬು ಇಪ್ಪತ್ತು ಮೂವತ್ತು ಮರಿಗೆ ಬೇಕಾದ್ದಕ್ಕಿಂತ ಬಹಳ ಜಾಸ್ತಿ. ನಮ್ಮ ಓರಗಿತ್ತಿಯ ಮನೆಯಲ್ಲಿ ಇದನ್ನು ರಟ್ಟಿನ ಪೆಟ್ಟಿಗೆಯೊಳಗೆ ಮೊಳದೆತ್ತರದಲ್ಲಿ ಕಟ್ಟಿದ್ದರು. ಮರಿಗಳು ಬಾಯಿ ತೆರೆದು, ರೆಕ್ಕೆ ಜೋಲುಬಿಟ್ಟು ಪೆಟ್ಟಿಗೆಯ ಅಂಚಿಗೆ ಒತ್ತಿಕೊಂಡಿದ್ದವು. ಅಲ್ಲೂ ಹಿಕ್ಕೆ ಅಂಟುವ ಕಾಟವೇ! ಥಂಡಿಯಲ್ಲಿ ಆಗುವುದು ಸೆಕೆಯಲ್ಲೂ ಆಗುತ್ತದೆ, ಏಕೆಂದರೆ ಸೆಕೆಗೂ ಮೈಯ ನೀರು ಆರುತ್ತದೆ. ಹಾಗಾಗಿ ಇದನ್ನು ತರುವವರು ಜೊತೆಗೆ ಜಾಗವನ್ನೂ ಕೊಡಬೇಕು. ತಗಡನ್ನೋ ರಟ್ಟನ್ನೋ ದುಂಡಗೆ ಬಳಸಿ ಐದಡಿ ಅಗಲದ ಆವರಣ ಮಾಡಿ, ನಡುವೆ ಬಲ್ಬನ್ನು ನೆಲದಿಂದ ಒಂದೂವರೆ ಎರಡು ಅಡಿ ಮೇಲೆ ಸರಪಳಿಯಲ್ಲಿ ತೂಗುಬಿಡಿ. ಸೆಕೆಯಾದ ಮರಿ ದೂರ ಸರಿಯುತ್ತದೆ, ಚಳಿಯಾದದ್ದು ಹತ್ತಿರ ಬರುತ್ತದೆ.

ಬಲ್ಬಿನ ಜೊತೆ ಒಂದು ಥರ್ಮಾಮೀಟರ್ ಖಂಡಿತ ಬೇಕು. ಗೋಡೆಗೆ ತೂಗುಹಾಕಿದರೆ ಉಪಯೋಗವಿಲ್ಲ, ಮರಿಯ ಬೆನ್ನಿನ ಎತ್ತರಕ್ಕೆ ಇರಬೇಕು. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಬರಬೇಕು. ಇಳಿಸುವುದೆಂದರೆ ಸರಪಳಿಯನ್ನು ಒಂದೊಂದು ಕೊಂಡಿ ಮೇಲಕ್ಕೆ ಹಾಕುವುದು, ಅಷ್ಟೇ. ಥರ್ಮಾಮೀಟರ್ ಇದ್ದರೂ ನಾನು ರಾತ್ರಿ ಮಲಗುವ ಮುಂಚೆ ಮರಿಗಳನ್ನೊಮ್ಮೆ ನೋಡಿಯೇ ನೋಡುತ್ತೇನೆ. ಬಲ್ಬಿನ ಅಡಿಯಲ್ಲಿ ಒಂದರ ಮೇಲೊಂದು ಬಿದ್ದು ಚಿಲಿಪಿಲಿ ಜೋರಾಗಿದ್ದರೆ ಚಳಿ. ಎಲ್ಲವೂ ಒಂದೇ ಮಗ್ಗುಲಿಗೆ ಸೇರಿದ್ದರೆ ಎಲ್ಲಿಂದಲೋ ಗಾಳಿ ಬೀಸುತ್ತಿದೆ. ಅಲ್ಲಲ್ಲಿ ಹರಡಿ, ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ.

ಇನ್ನು ಹಿಕ್ಕೆ ಅಂಟಿಕೊಂಡ ಮರಿಗೆ ಏನು ಮಾಡಬೇಕು? ಕಿತ್ತು ತೆಗೆಯಲೇಬಾರದು. ಕಿತ್ತರೆ ತುಪ್ಪಳದ ಜೊತೆ ಚರ್ಮವೂ ಬರುತ್ತದೆ. ರಕ್ತ ಕಂಡರೆ ಉಳಿದ ಮರಿಗಳು ಅಲ್ಲೇ ಕುಕ್ಕುತ್ತವೆ. ಹಂಡೆಯಿಂದ ತೆಗೆದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಮರಿಯನ್ನು ಅಂಗೈಯಲ್ಲಿ ಹಿಡಿದು, ಆ ಜಾಗದ ಮೇಲೆ ಇಟ್ಟು ನೆನೆಯಲು ಬಿಡಿ. ಆತುರ ಬೇಡ, ನೆನೆದಷ್ಟು ತಾನಾಗಿ ಸಡಿಲವಾಗುತ್ತದೆ. ಸಡಿಲವಾದದ್ದನ್ನು ಒರೆಸುತ್ತ, ಮತ್ತೆ ನೆನೆಸುತ್ತ ಹೋಗಬೇಕು. ಹಿಂಭಾಗದ ದ್ವಾರ ಬಿಡಿಸಿಕೊಂಡ ಕೂಡಲೇ ಎಷ್ಟೋ ಮರಿ ಕೈಯಲ್ಲೇ ಹಿಕ್ಕೆ ಹಾಕಿಬಿಡುತ್ತವೆ, ಆಗ ಆಗುವ ಸಮಾಧಾನ ದೊಡ್ಡದು. ಬಟ್ಟೆಯಲ್ಲಿ ಒತ್ತಿ ಒರೆಸಿ, ಕೆಂಪು ಬಲ್ಬಿನ ಕೆಳಗೆ ಪೂರ್ತಿ ಒಣಗಿಸಿ, ಆ ಜಾಗಕ್ಕೆ ಬೆರಳ ತುದಿಯಷ್ಟು ಕೊಬ್ಬರಿ ಎಣ್ಣೆ ಸವರಿ ಗುಂಪಿಗೆ ಬಿಡುತ್ತೇನೆ. ಒದ್ದೆ ಮರಿಯನ್ನು ಹಾಗೇ ಬಿಟ್ಟರೆ ಮತ್ತೆ ಥಂಡಿ, ಮತ್ತೆ ಅದೇ ಕಥೆ. ದಿನಕ್ಕೆರಡು ಸಲ ಎತ್ತಿ ನೋಡುತ್ತಿರಬೇಕು, ಒಮ್ಮೆ ಅಂಟಿದ ಮರಿಗೆ ಮತ್ತೆ ಅಂಟುವುದುಂಟು. ಕೈ ಸೋಪಿನಲ್ಲಿ ತೊಳೆಯುವುದನ್ನು ಮರೆಯಬೇಡಿ.

ಹೊಸಬರು ಒಂದು ವಿಷಯ ತಿಳಿದಿರಬೇಕು. ಹೊಟ್ಟೆಯ ಮೇಲೆ, ಎರಡು ಕಾಲಿನ ನಡುವೆ ಕಪ್ಪಗೆ ಒಣಗಿದ ಸಣ್ಣ ಎಳೆ ಕಂಡರೆ ಅದು ಹೊಕ್ಕುಳು. ಅದನ್ನು ಮುಟ್ಟಬೇಡಿ, ತಾನೇ ಉದುರುತ್ತದೆ. ಹಿಕ್ಕೆ ಅಂಟುವ ಜಾಗ ಇರುವುದು ಹಿಂದೆ, ಬಾಲದ ಕೆಳಗೆ.

ಮೇವಿನ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಮರಿ ಮನೆಗೆ ಬಂದ ಕೂಡಲೇ ಮೊದಲು ನೀರು, ಸ್ವಲ್ಪ ಬೆಲ್ಲ ಕರಗಿಸಿದ ಬೆಚ್ಚನೆ ನೀರು. ಒಂದೆರಡಕ್ಕೆ ಕೊಕ್ಕು ಅದ್ದಿ ತೋರಿಸಿದರೆ ಉಳಿದವು ನೋಡಿ ಕಲಿಯುತ್ತವೆ. ನೀರು ಕುಡಿದ ಮೇಲೆ ಮೊದಲ ದಿನ ಕಾಗದದ ಮೇಲೆ ಮೆಕ್ಕೆಜೋಳದ ನುಚ್ಚು. ಎಳೆ ಮರಿಗೆಂದೇ ಸಿಗುವ ಸ್ಟಾರ್ಟರ್ ಮೇವು ಆಮೇಲೆ. ಮೊದಲ ಊಟ ಹಗುರವಾಗಿದ್ದರೆ ಹಿಕ್ಕೆ ಅಂಟುವುದು ಕಡಿಮೆ. ಭತ್ತದ ಹೊಟ್ಟಿನ ಮೇಲೆ ಎರಡು ಮೂರು ದಿನ ಕಾಗದ ಹಾಸುವುದೂ ಇದಕ್ಕೇ, ಇಲ್ಲದಿದ್ದರೆ ಮರಿ ಹೊಟ್ಟನ್ನೇ ಮೇವೆಂದು ನುಂಗುತ್ತದೆ. ಹರಳೆಣ್ಣೆ, ಮನುಷ್ಯರ ಭೇದಿ ಮಾತ್ರೆ ಇಂಥವನ್ನು ಕುಡಿಸಬೇಡಿ. ಎಳೆ ಕರುಳು ಅದನ್ನು ತಡೆಯುವುದಿಲ್ಲ.

ಕಾವು, ನೀರು ಎರಡೂ ಸರಿಯಿದ್ದು, ಆದರೂ ಒಟ್ಟಿಗೇ ಹಲವು ಮರಿಗಳ ಹಿಂಭಾಗ ಸುಣ್ಣದಂಥ ಬಿಳಿ ಹಿಕ್ಕೆಯಿಂದ ಮೆತ್ತಿ, ಸಾಯತೊಡಗಿದರೆ ಅದು ಬಲ್ಬಿನಿಂದ ಬಗೆಹರಿಯುವ ವಿಷಯವಲ್ಲ. ತಾಯಿಕೋಳಿಯಿಂದ ಮೊಟ್ಟೆಯ ಮೂಲಕವೇ ಬರುವ ಬಿಳಿ ಭೇದಿಯ ರೋಗ ಇರಬಹುದು. ಸತ್ತ ಮರಿಯನ್ನು ಎಸೆಯದೆ ಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗಿ, ಕೊಯ್ದು ನೋಡಿದರೆ ಡಾಕ್ಟರಿಗೆ ಕಾರಣ ತಿಳಿಯುತ್ತದೆ. ಮೂರು ವಾರ ದಾಟಿದ ಮರಿಯ ಹಿಕ್ಕೆಯಲ್ಲಿ ರಕ್ತ ಕಂಡರೂ ಹಾಗೆಯೇ, ತಡಮಾಡಬಾರದು.

ಮತ್ತೆ ಬಲ್ಬಿಗೆ ಬರುತ್ತೇನೆ. ಕರೆಂಟು ತಿನ್ನುವುದೇ ಇದರ ದೊಡ್ಡ ಕೊರತೆ. ನಾಲ್ಕು ಗಂಟೆಗೆ ಒಂದು ಯೂನಿಟ್, ಹಗಲೂ ರಾತ್ರಿ ಉರಿಸಿದರೆ ದಿನಕ್ಕೆ ಆರು. ಥರ್ಮಾಮೀಟರಿನಲ್ಲಿ ಆ ವಾರಕ್ಕೆ ಬೇಕಾದ ಕಾವು ಇರುವ ಬಿಸಿಲ ಹಗಲಲ್ಲಿ ಆರಿಸಿ, ರಾತ್ರಿ ಮಾತ್ರ ಹಾಕಿದರೆ ಅರ್ಧ ಉಳಿಯುತ್ತದೆ. ಪ್ಲಾಸ್ಟಿಕ್ ಹೋಲ್ಡರಿಗೆ ಇದನ್ನು ಹಾಕಲೇಬೇಡಿ, ಕರಗುತ್ತದೆ. ಪಿಂಗಾಣಿಯದೇ ಆಗಬೇಕು. ವಯರಿನಲ್ಲಿ ನೇತುಹಾಕುವುದೂ ಬೇಡ, ಜಾರಿ ಒಣ ಹೊಟ್ಟಿನ ಮೇಲೆ ಬಿದ್ದರೆ ಮನೆಗೇ ಬೆಂಕಿ. ಕಾದ ಗಾಜಿಗೆ ಮಳೆಹನಿ ಸಿಡಿದರೆ ಒಡೆಯುತ್ತದೆ, ಹಾಗಾಗಿ ಸೋರುವ ಮಾಡಿನ ಕೆಳಗೆ ಕಟ್ಟಬಾರದು. ದಪ್ಪ ಗಾಜಿನದು ಸಿಕ್ಕರೆ ಬೆಲೆ ಹೆಚ್ಚಾದರೂ ಅದನ್ನೇ ತನ್ನಿ.

ಕರೆಂಟು ಹೋದಾಗ ಇದು ಬರೀ ಗಾಜಿನ ಬುರುಡೆ. ನಮ್ಮಲ್ಲಿ ಮಳೆಗಾಲಕ್ಕೆ ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದಿರುವುದು ಮಾಮೂಲು. ಅದಕ್ಕಾಗಿ ಬಿಸಿನೀರು ತುಂಬಿದ ಬಾಟಲಿಗಳಿಗೆ ಗೋಣಿ ಸುತ್ತಿ ನಡುವೆ ಇಡುತ್ತೇನೆ, ತಣ್ಣಗಾದಂತೆ ಬದಲಿಸಬೇಕು. ಕೆಂಡದ ಮಡಕೆ ಇಡುವವರೂ ಇದ್ದಾರೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅನಿಲ ಮರಿಗೂ ಮನುಷ್ಯರಿಗೂ ಪ್ರಾಣಕ್ಕೆ ಅಪಾಯ, ಅದಕ್ಕೆ ನಾನು ಇಡುವುದಿಲ್ಲ.

ಐವತ್ತು ಮರಿಗಿಂತ ಹೆಚ್ಚು ತರುವವರು, ಮಲೆನಾಡಿನವರು, ಮಳೆಗಾಲದಲ್ಲೋ ಧನುರ್ಮಾಸದ ಚಳಿಯಲ್ಲೋ ಮರಿ ಸಾಕುವವರು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಬಯಲುಸೀಮೆಯಲ್ಲಿ ಏಪ್ರಿಲ್‌ ತಿಂಗಳಿಗೆ ಹತ್ತು ಮರಿ ತರುವವರಿಗೆ ಸಾದಾ ಬಲ್ಬೇ ಸರಿ. ಮನೆಯ ಹೇಂಟೆ ತಾನೇ ಕಾವು ಕೂತು ಮಾಡಿದ ಮರಿಗಳಿಗೆ ಯಾವ ಬಲ್ಬೂ ಬೇಡ. ಹೇಂಟೆಯನ್ನೂ ಮರಿಗಳನ್ನೂ ಮಳೆ ತಾಗದ ಒಡ್ಡಿಯಲ್ಲಿ ಬಿಟ್ಟು, ಹತ್ತಿರದಲ್ಲಿ ತಟ್ಟೆ ನೀರು ಇಟ್ಟರೆ ಸಾಕು.