ತುರ್ಕಮೆನಿಸ್ತಾನ್ ಟೂರ್ ಪ್ಯಾಕೇಜ್ ರಿವ್ಯೂ: ನೋಡೋಕೆ ಬೇಕಾದಷ್ಟಿದೆ, ಒಳಗೆ ಹೋಗೋದೇ ಕಷ್ಟ

ಅಕ್ಟೋಬರ್‌ನಲ್ಲಿ ನಾನು ನನ್ನ ಫ್ರೆಂಡ್ ಇಬ್ರೂ ತುರ್ಕಮೆನಿಸ್ತಾನಕ್ಕೆ ಹೋಗಿ ಬಂದ್ವಿ. ಅಲ್ಲಿನ ರಾಜಧಾನಿ ಅಶ್ಗಾಬಾತ್‌ನ ಒಂದು ಸಣ್ಣ ಏಜೆನ್ಸಿ ಪ್ಯಾಕೇಜು, 3 ರಾತ್ರಿ 4 ದಿನ, ತಲೆಗೆ 640 ಡಾಲರ್, ಅದ್ರಲ್ಲಿ ಕಾರು, ಡ್ರೈವರು, ಗೈಡು, ರೂಮು, ಊಟ ಎಲ್ಲಾ ಸೇರಿ. ವೀಸಾ ಫೀಸು, ಬಾರ್ಡರ್‌ನಲ್ಲಿ ಕಟ್ಟೋ ಚಿಲ್ಲರೆ ಫೀಸುಗಳು ಬೇರೆ. ಇಷ್ಟು ದುಡ್ಡಿಗೆ ವಿಯೆಟ್ನಾಂ ಹೋಗಿ ಬರಬಹುದಿತ್ತಲ್ಲಾ ಅಂತ ಮನೆಯಲ್ಲೂ ಆಫೀಸಲ್ಲೂ ಎಲ್ರೂ ಕೇಳಿದ್ರು, ಅದಕ್ಕೇ ವಿವರವಾಗಿ ಬರೀತಿದೀನಿ.

ಮೊದಲು ಒಂದು ವಿಷಯ ಹೇಳಿಬಿಡ್ತೀನಿ. ಹಿಂದಿನ ದಿನ ನಾವು ಉಜ್ಬೇಕಿಸ್ತಾನದ ಖೀವಾದಲ್ಲಿದ್ವಿ, ಅಲ್ಲಿ ಕೋಟೆ ಒಳಗೆ ಫೋಟೋ ತೆಗೆಯೋಕೆ ಕ್ಯೂ ನಿಲ್ಲಬೇಕು, ಅಷ್ಟು ಜನ. ಬೆಳಿಗ್ಗೆ ಟ್ಯಾಕ್ಸಿ ಹಿಡಿದು ಶಾವತ್ ಬಾರ್ಡರ್‌ಗೆ ಬಂದು ಆ ಕಡೆ ದಾಟಿದ್ವಿ ನೋಡಿ, ಮಣ್ಣು ಅದೇ, ಬಿಸಿಲು ಅದೇ, ಅದೇ ನೀಲಿ ಟೈಲ್ಸಿನ ಗುಮ್ಮಟಗಳು, ಆದ್ರೆ ಆಮೇಲೆ ನಾಲ್ಕು ದಿನದಲ್ಲಿ ನಮ್ಮ ಕಣ್ಣಿಗೆ ಬಿದ್ದ ಬೇರೆ ದೇಶದ ಟೂರಿಸ್ಟ್‌ಗಳು ಹದಿನಾರೇ ಜನ, ನಾನು ಕೂತು ಎಣಿಸಿದೀನಿ. ಉಜ್ಬೇಕಿಸ್ತಾನ್ 2018ರಲ್ಲಿ ಇ-ವೀಸಾ ಶುರು ಮಾಡ್ತು, ಎಷ್ಟೋ ದೇಶದವರಿಗೆ ವೀಸಾನೇ ಬೇಡ ಅಂತು, 2019ರ ಹೊತ್ತಿಗೆ ವರ್ಷಕ್ಕೆ 67 ಲಕ್ಷ ಜನ ಬಂದ್ರು. ಪಕ್ಕದ ಮನೆ ಬಾಗಿಲು ಮಾತ್ರ ಹಾಗೇ ಮುಚ್ಚಿಕೊಂಡೇ ಇತ್ತು.

ಆ ಬಾಗಿಲು ಏನಂದ್ರೆ ಇನ್ವಿಟೇಶನ್ ಲೆಟರ್, ನಾವು ಹೋದಾಗಿನ ರೂಲ್ ಹೇಳ್ತಿದೀನಿ. ನೀವೇ ವೀಸಾ ಹಾಕಿ, ನೀವೇ ಹೋಟೆಲ್ ಬುಕ್ ಮಾಡಿ, ಬ್ಯಾಗ್ ಹಾಕ್ಕೊಂಡು ಹೊರಟುಬಿಡೋ ಹಾಗಿಲ್ಲ. ಅಲ್ಲಿ ಲೈಸೆನ್ಸ್ ಇರೋ ಏಜೆನ್ಸಿ ನಿಮ್ಮ ಪರವಾಗಿ ಅರ್ಜಿ ಹಾಕಬೇಕು, ಸರ್ಕಾರ ಒಪ್ಪಬೇಕು, ಒಳಗೆ ಹೋದ ಮೇಲೂ ಗೈಡ್ ಜೊತೆಗೇ ಓಡಾಡಬೇಕು. ಕೆಲವರಿಗೆ ಇಲ್ಲ ಅಂತ ಬರತ್ತೆ, ಯಾಕೆ ಅಂತ ಹೇಳಲ್ಲ. ಹಾಗಾಗಿ ಎಲ್ಲಾ ನಿಂತಿರೋದು ನೀವು ಹಿಡಿಯೋ ಏಜೆನ್ಸಿ ಮೇಲೆ, ಅದು ಕೈಕೊಟ್ರೆ ಟ್ರಿಪ್ಪೇ ಇಲ್ಲ.

ನಾವು ಮೊದಲು ಬೆಂಗಳೂರಿನ ಒಬ್ಬ ಟ್ರಾವೆಲ್ ಏಜೆಂಟ್ ಹತ್ರ ಹೋಗಿದ್ವಿ. ಆಗತ್ತೆ ಸಾರ್, ನಾನು ನೋಡ್ಕೋತೀನಿ ಅಂತ ಐದು ವಾರ ತಳ್ಳಿ, ಅಡ್ವಾನ್ಸ್ ಇಟ್ಕೊಂಡು, ಕೊನೆಗೆ ನೋಡಿದ್ರೆ ಅರ್ಜಿನೇ ಹೋಗಿರ್ಲಿಲ್ಲ. ಆ ದುಡ್ಡು ವಾಪಸ್ ಬರೋಕೆ ಇನ್ನೊಂದು ತಿಂಗಳು ಆಯ್ತು. ನಡುವೆ ಯಾರನ್ನೂ ಇಟ್ಕೋಬೇಡಿ, ನೇರವಾಗಿ ಅಶ್ಗಾಬಾತ್‌ನ ಏಜೆನ್ಸಿಗೇ ಮೇಲ್ ಮಾಡಿ. ನಾವು ಹಿಡಿದವರು ಲೆಟರ್ ಬರೋ ತನಕ ಒಂದು ಪೈಸೆ ಕೇಳ್ಲಿಲ್ಲ, ಮೂರು ವಾರದಲ್ಲಿ ಲೆಟರ್ ಬಂತು, ಪ್ರತಿ ಮೇಲ್‌ಗೂ ಮಾರನೇ ದಿನ ಉತ್ತರ. ಇದಕ್ಕೇ ಫುಲ್ ಮಾರ್ಕ್ಸ್ ಕೊಡ್ತೀನಿ.

ಬಾರ್ಡರ್ ದಾಟೋಕೆ ಎರಡೂವರೆ ಗಂಟೆ ಹಿಡೀತು. ಆಚೆ ಕಡೆ ಗೈಡ್ ಹುಡುಗ ನಮ್ಮ ಹೆಸರಿನ ಪೇಪರ್ ಫೈಲ್ ಹಿಡ್ಕೊಂಡು ಬೆಳಿಗ್ಗೆಯಿಂದ ನಿಂತಿದ್ದ. ಅಲ್ಲಿಂದ ಕೊನ್ಯೆ-ಉರ್ಗೆಂಚ್. ಒಂದು ಕಾಲಕ್ಕೆ ಖ್ವಾರಜ್ಮ್ ರಾಜ್ಯದ ರಾಜಧಾನಿ, 1221ರಲ್ಲಿ ಮಂಗೋಲರು ನೆಲಸಮ ಮಾಡಿದ್ರು, ಮತ್ತೆ ಎದ್ದು ನಿಂತ್ಕೊಂಡಾಗ 1388ರಲ್ಲಿ ತೈಮೂರ್ ಬಂದು ಹಾಳು ಮಾಡ್ದ. ಈಗ ಬಯಲಲ್ಲಿ ಅಲ್ಲೊಂದು ಇಲ್ಲೊಂದು ಸಮಾಧಿ, ನಡುವೆ 60 ಮೀಟರ್ ಎತ್ತರದ ಕುತ್ಲುಗ್ ತೈಮೂರ್ ಮಿನಾರ್ ಒಂಟಿಯಾಗಿ ನಿಂತಿದೆ. ತುರಾಬೆಕ್ ಖಾನಂ ಸಮಾಧಿ ಒಳಗೆ ಹೋಗಿ ತಲೆ ಎತ್ತಿ ನೋಡಿದ್ರೆ ಗುಮ್ಮಟದ ಒಳಗಡೆ ಪೂರ್ತಿ ಚಿಕ್ಕ ಚಿಕ್ಕ ಟೈಲ್ಸಿನ ನಕ್ಷತ್ರ, ಹೂವು, ಒಂದರೊಳಗೊಂದು ಹೆಣೆದಿರೋದು, ಕತ್ತು ನೋಯೋ ತನಕ ನೋಡಿದ್ವಿ. 2005ರಿಂದ ಯುನೆಸ್ಕೋ ಪಟ್ಟಿಯಲ್ಲಿರೋ ಜಾಗ ಇದು, ಆ ಹೊತ್ತಲ್ಲಿ ಅಲ್ಲಿದ್ದ ಪರದೇಶದವರು ನಾವಿಬ್ರೇ.

ಆದ್ರೆ ಊರವರು ಇದ್ರು. ಕಿರ್ಕ್ ಮೊಲ್ಲಾ ಅಂತ ಒಂದು ಮಣ್ಣಿನ ದಿಬ್ಬ ಇದೆ, ಮಕ್ಕಳಾಗಲಿ ಅಂತ ಹರಕೆ ಹೊತ್ತ ಹೆಣ್ಮಕ್ಕಳು ಅದರ ಮೇಲಿಂದ ಉರುಳ್ಕೊಂಡು ಕೆಳಗೆ ಬರ್ತಾರೆ. ನಮ್ಮ ಕಡೆ ದೇವಸ್ಥಾನದಲ್ಲಿ ಉರುಳು ಸೇವೆ ಮಾಡೋದು ನೋಡಿ ಬೆಳೆದಿರೋ ನನಗೆ ಅದು ಹೊಸದು ಅನ್ನಿಸಲೇ ಇಲ್ಲ. ಒಬ್ಬ ಹುಡುಗಿ ಉರುಳಿ ಬಂದು ಎದ್ದು ಕೂತಾಗ ಅವಳ ಅತ್ತೆಯೋ ತಾಯಿಯೋ, ತಲೆಸ್ಕಾರ್ಫಿಗೆ ಅಂಟಿದ್ದ ಒಣ ಹುಲ್ಲು ಒಂದೊಂದೇ ಬಿಡಿಸ್ತಾ ಇದ್ರು. ನಮಗೂ ಕರೆದು ತಂದೂರ್ ರೊಟ್ಟಿ ಮುರಿದು ಕೊಟ್ರು.

ರಾತ್ರಿ ದರ್ವಾಜಾ. ಕಾರಕುಮ್ ಮರುಭೂಮಿ ನಡುವೆ 70 ಮೀಟರ್‌ನಷ್ಟು ಅಗಲದ ಗುಂಡಿ, ಸೋವಿಯತ್ ಕಾಲದಲ್ಲಿ ಗ್ಯಾಸ್‌ಗೆ ಡ್ರಿಲ್ ಮಾಡುವಾಗ ಕುಸಿದಿದ್ದು, ಅವತ್ತಿಂದ ಉರೀತಾನೇ ಇದೆ, 1971 ಅಂತ ಎಲ್ಲರೂ ಹೇಳೋ ಲೆಕ್ಕ. ಒಂದು ಮಾತು ಮೊದಲೇ ಹೇಳ್ತೀನಿ, ಇಂಟರ್ನೆಟ್‌ನಲ್ಲಿ ನೋಡೋ ಹಳೇ ಫೋಟೋದಷ್ಟು ಬೆಂಕಿ ಈಗ ಇಲ್ಲ, ಸುತ್ತ ಬಾವಿ ತೋಡಿ ಗ್ಯಾಸ್ ಎಳೀತಿರೋದ್ರಿಂದ ಕಡಿಮೆ ಆಗಿದೆ. ಗೈಡ್ ಇದನ್ನ ಬುಕ್ ಮಾಡೋ ಮುಂಚೆ ಮೇಲ್‌ನಲ್ಲೇ ಬರೆದು ತಿಳಿಸಿದ್ದ, ಎಷ್ಟು ಜನ ಹಾಗೆ ಹೇಳ್ತಾರೆ ಹೇಳಿ. ಆದ್ರೂ ಆ ಅಂಚಲ್ಲಿ ನಿಂತಾಗ ಗಾಳಿ ತಿರುಗಿದ್ ತಕ್ಷಣ ಮುಖಕ್ಕೆ ಹೊಡೆಯೋ ಬಿಸಿ, ಕೆಳಗಿಂದ ಬರೋ ಭುಸ್ ಅನ್ನೋ ಸದ್ದು, ಮೇಲೆ ಪೂರಾ ನಕ್ಷತ್ರ, ನಾವಿಬ್ರೂ ತುಂಬಾ ಹೊತ್ತು ಮಾತಾಡ್ಲಿಲ್ಲ.

ಅಲ್ಲಿ ಕೂತಾಗಲೇ ಗೈಡ್ ತನ್ನ ಕಥೆ ಹೇಳಿದ್ದು. 2020ರ ಮಾರ್ಚಲ್ಲಿ ಕೋವಿಡ್‌ಗೆ ಮುಚ್ಚಿದ ಬಾರ್ಡರ್ ಟೂರಿಸ್ಟ್‌ಗಳಿಗೆ ಮತ್ತೆ ತೆರೆದಿದ್ದು 2023ಕ್ಕೆ, ಆ ಮೂರು ವರ್ಷ ಅವನು ಚಿಕ್ಕಪ್ಪನ ಬೇಕರಿಯಲ್ಲಿ ಹಿಟ್ಟು ನಾದಿದಾನೆ, ಇಂಗ್ಲಿಷ್ ಮರೆತು ಹೋಗಬಾರದು ಅಂತ ಒಬ್ಬನೇ ಇರುವಾಗ ಗಟ್ಟಿಯಾಗಿ ಗೈಡ್ ಭಾಷಣ ಹೇಳ್ಕೋತಿದ್ನಂತೆ. ಸರ್ಕಾರದ ಆದಾಯ ನೆಲದಡಿ ಗ್ಯಾಸಿಂದ ಬರತ್ತೆ, ಟೂರಿಸ್ಟ್ ಬಂದ್ರೂ ಒಂದೇ ಬಿಟ್ರೂ ಒಂದೇ ಅಂತ ನನಗೆ ಅನ್ಸೋದು. ಆದ್ರೆ ಈ ಹುಡುಗನಂಥವರಿಗೆ ಹಾಗಲ್ಲ, ಒಂದು ಸೀಸನ್‌ಗೆ ಅವನ ಕೈಗೆ ಬರೋ ಗ್ರೂಪುಗಳು ಇಪ್ಪತ್ತು ದಾಟಲ್ಲ ಅಂದ.

ಬೇಜಾರಾಗಿದ್ದೂ ಇದೆ. ದರ್ವಾಜಾದಿಂದ ಅಶ್ಗಾಬಾತ್ 260 ಕಿಲೋಮೀಟರ್, ರಸ್ತೆ ಹಲವು ಕಡೆ ಕಿತ್ತು ಹೋಗಿದೆ, ಬೆನ್ನುನೋವು ಇರೋರು ಯೋಚನೆ ಮಾಡಿ. ಡ್ರೈವರ್ ಯಜಮಾನ್ರು ಮಾತ್ರ ಆ ಗುಂಡಿಗಳನ್ನ ತಮ್ಮ ಹೊಲದ ಬದು ಥರ ತಿಳ್ಕೊಂಡಿದ್ರು. ಯರ್ಟ್ (ಅಲ್ಲಿನ ದುಂಡನೆ ಡೇರೆ) ಕ್ಯಾಂಪ್‌ನ ಟಾಯ್ಲೆಟ್ ಗಲೀಜು. ವೆಜ್ ಅಂತ ಮೊದಲೇ ಹೇಳಿದ್ರೂ ಎರಡು ಹೊತ್ತು ರೊಟ್ಟಿ, ಟೊಮ್ಯಾಟೊ, ಸೌತೆಕಾಯಿ, ಕರಬೂಜದಲ್ಲೇ ಮುಗೀತು (ಕರಬೂಜ ಮಾತ್ರ ಅಷ್ಟು ಸಿಹಿ ಇರೋದು ನಾನು ಎಲ್ಲೂ ತಿಂದಿಲ್ಲ). ಸೊಪ್ಪು ತುಂಬಿದ ಗುತಾಪ್ ಅನ್ನೋ ರೊಟ್ಟಿ ಸಿಕ್ಕಿದ ದಿನ ಹಬ್ಬ. ಎಲ್ಲಕ್ಕಿಂತ ದೊಡ್ಡ ದೂರು ಅಂದ್ರೆ ಪ್ಲಾನ್, ಕೊನ್ಯೆ-ಉರ್ಗೆಂಚ್‌ಗೆ ಬರೀ ಒಂದೂವರೆ ಗಂಟೆ ಇಟ್ಟು ಅಶ್ಗಾಬಾತ್‌ನ ಮಾರ್ಬಲ್ ಕಟ್ಟಡಗಳಿಗೆ ಒಂದಿಡೀ ದಿನ ಇಟ್ಟಿದ್ರು.

ಅಶ್ಗಾಬಾತ್ ಬಗ್ಗೆ ಜಾಸ್ತಿ ಹೇಳಲ್ಲ. 2013ರಲ್ಲಿ 543 ಬಿಳಿ ಮಾರ್ಬಲ್ ಕಟ್ಟಡ ಅಂತ ಗಿನ್ನೆಸ್ ದಾಖಲೆ, ರಸ್ತೇಲಿ ಓಡೋ ಕಾರೂ ಬಿಳಿ, ರಾತ್ರಿ 11ಕ್ಕೆ ಎಲ್ಲಾ ಬಂದ್. ಎಲ್ಲಿ ಫೋಟೋ ತೆಗೆಯಬಾರದು ಅಂತ ಗೈಡ್ ಮೊದಲೇ ಹೇಳ್ತಿದ್ದ, ಅದನ್ನ ಕೇಳಿ. ನನಗೆ ಇಷ್ಟ ಆಗಿದ್ದು ಕಾರ್ಪೆಟ್ ಮ್ಯೂಸಿಯಂ. ವಾಪಸ್ ದುಬೈ ಮೇಲೆ ಬಂದ್ವಿ. ಗಿಡುಗ ರೆಕ್ಕೆ ಬಿಚ್ಚಿದ ಹಾಗಿರೋ ಅಶ್ಗಾಬಾತ್ ಏರ್‌ಪೋರ್ಟ್ 2016ರಲ್ಲಿ ಓಪನ್ ಆಗಿದ್ದು, ವರ್ಷಕ್ಕೆ 1.4 ಕೋಟಿ ಜನ ಓಡಾಡಬಹುದು ಅಂತ ಕಟ್ಟಿದ್ದು. ನಾವು ಚೆಕ್‌ಇನ್ ಮಾಡುವಾಗ ಆ ಹಾಲ್‌ನಲ್ಲಿ ಟ್ರಾಲಿ ಚಕ್ರದ ಸದ್ದು ಆ ತುದಿಯಿಂದ ಈ ತುದಿಗೆ ಕೇಳ್ತಿತ್ತು.

ಹೋಗೋರಿಗೆ: ಎರಡು ತಿಂಗಳು ಮುಂಚೆ ಅರ್ಜಿ ಹಾಕಿಸಿ. ಕಾರ್ಡ್ ನಂಬ್ಕೋಬೇಡಿ, ಮಡಿಕೆ ಇಲ್ಲದ ಹೊಸ ಡಾಲರ್ ನೋಟು ಒಯ್ಯಿರಿ. ಅಫಿಶಿಯಲ್ ರೇಟು ಡಾಲರ್‌ಗೆ 3.5 ಮನಾತ್ (ಅಲ್ಲಿನ ದುಡ್ಡು), ಅದೇ ರೇಟಲ್ಲಿ ಲೆಕ್ಕ ಹಾಕೋ ಹೋಟೆಲ್‌ನಲ್ಲಿ ಖರ್ಚು ಬೇಗ ಏರತ್ತೆ, ಊಟ ಪ್ಯಾಕೇಜ್‌ನಲ್ಲೇ ಸೇರಿಸ್ಕೊಳ್ಳಿ. ವಾಟ್ಸಾಪ್, ಯೂಟ್ಯೂಬ್ ಓಡಲ್ಲ, ಮನೆಗೆ ಮೊದಲೇ ಹೇಳಿ ಹೊರಡಿ, ನಮ್ಮಮ್ಮ ನಾಲ್ಕು ದಿನ ಊಟ ಸರಿಯಾಗಿ ಮಾಡಿರ್ಲಿಲ್ಲ. ಜೂನ್, ಜುಲೈ ಬೇಡ, ಬಿಸಿಲು ತಡೆಯೋಕಾಗಲ್ಲ. ಏಜೆನ್ಸಿಗೆ ಐದಕ್ಕೆ ನಾಲ್ಕು ಸ್ಟಾರ್, ಗೈಡ್‌ಗೆ ಐದಕ್ಕೆ ಐದು. ಬುಕ್ ಮಾಡುವಾಗ ಕೊನ್ಯೆ-ಉರ್ಗೆಂಚ್‌ಗೆ ಅರ್ಧ ದಿನ ಬೇಕೇ ಬೇಕು ಅಂತ ಬರೆದು ಕೇಳಿ, ಕೇಳಿದ್ರೆ ಮಾಡ್ಕೊಡ್ತಾರೆ, ನಮಗೆ ಕೇಳಬೇಕು ಅಂತ ಗೊತ್ತಿರ್ಲಿಲ್ಲ.