ಓಸಿಐ ಕಾರ್ಡೋ, ಭಾರತದ ಪಾಸ್‌ಪೋರ್ಟೋ: ಹದಿನೈದು ದಾಟಿದ ಮಕ್ಕಳ ಮನೆಯ ಲೆಕ್ಕ

ಅಕ್ಕ ಹುಟ್ಟಿದ್ದು ಬೆಂಗಳೂರಿನಲ್ಲಿ, ತಮ್ಮ ನ್ಯೂಜೆರ್ಸಿಯಲ್ಲಿ. ಅವಳದು ಭಾರತದ ಪಾಸ್‌ಪೋರ್ಟ್, ಇವನದು ಅಮೆರಿಕದ್ದು, ಜೊತೆಗೊಂದು ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್. ಹೊರದೇಶದಿಂದ ಮರಳಿದ ಕನ್ನಡದ ಮನೆಗಳಲ್ಲಿ ಇದು ಈಗ ಮಾಮೂಲು. ಶಾಲೆಯ ದಾಖಲಾತಿ, ಕ್ರೀಡಾ ಕ್ಲಬ್ಬು, ಕಾಲೇಜು ಸೀಟು, ಮತದಾರರ ಪಟ್ಟಿ ಅಂತ ಎರಡನ್ನೂ ಹಿಡಿದು ಓಡಾಡಿದವರಿಗೆ ಗೊತ್ತಿರುವ ವಿಷಯ ಒಂದೇ: ಹದಿನೈದರವರೆಗೆ ಎರಡಕ್ಕೂ ಅಂಥ ವ್ಯತ್ಯಾಸ ಕಾಣುವುದಿಲ್ಲ, ಆಮೇಲೆ ಪ್ರತಿ ಕೌಂಟರಿನಲ್ಲೂ ಕಾಣುತ್ತದೆ. ‘ನಾನು ಯಾವ ದೇಶದವನು’ ಅನ್ನುವ ಪ್ರಶ್ನೆಯನ್ನು ಮಗು ನಿಧಾನವಾಗಿ ಬಿಡಿಸಿಕೊಳ್ಳಲಿ. ಕಾಗದದ ತೀರ್ಮಾನಕ್ಕೆ ಮಾತ್ರ ತಾರೀಖುಗಳಿವೆ, ಅವು ಕಾಯುವುದಿಲ್ಲ.

‘ಎರಡೂ ಇಟ್ಟುಕೊಳ್ಳೋಣ’ ಅನ್ನುವವರಿಗೆ ಮೊದಲೇ ಹೇಳಿಬಿಡಬೇಕು. ಭಾರತದಲ್ಲಿ ದ್ವಿಪೌರತ್ವ ಇಲ್ಲ. ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ತಾನಾಗಿ ಬೇರೆ ದೇಶದ ಪೌರತ್ವ ಪಡೆದ ಕ್ಷಣದಲ್ಲೇ ಭಾರತದ್ದು ಹೋಗುತ್ತದೆ. ಓಸಿಐ ಹೆಸರಿನಲ್ಲಿ ‘ಸಿಟಿಜನ್’ ಅಂತ ಇದ್ದರೂ ಕೊಡುವುದು ಜೀವನಪರ್ಯಂತದ ವೀಸಾ ಮತ್ತು ಕೆಲವು ಸವಲತ್ತು, ಅಷ್ಟೇ. ಮಕ್ಕಳ ವಿಷಯದಲ್ಲಿ ಒಂದು ಸಣ್ಣ ಕಿಂಡಿ ಇದೆ. ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಒಂದು ವರ್ಷದೊಳಗೆ ನೋಂದಾಯಿಸಿದರೆ ಅದು ಭಾರತದ ಪ್ರಜೆಯಾಗಬಹುದು. ಆದರೆ ‘ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ’ ಎಂದು ತಂದೆ ತಾಯಿ ಬರೆದುಕೊಡಬೇಕು. ಮಗುವಿಗೆ ಹುಟ್ಟಿನಿಂದಲೇ ಇನ್ನೊಂದು ಪೌರತ್ವವೂ ಬಂದಿದ್ದರೆ, 18 ತುಂಬಿದ ಆರು ತಿಂಗಳೊಳಗೆ ಅದನ್ನು ಬಿಡಬೇಕು, ಇಲ್ಲವಾದರೆ ಭಾರತದ್ದು ತಾನಾಗಿ ರದ್ದು. ಊರಿಗೆ ಬಂದು ಹೋಗಬೇಕೆಂದು ಮೂರನೇ ತಿಂಗಳಿಗೇ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿಬಿಡುವುದರಿಂದ ಹೆಚ್ಚಿನವರಿಗೆ ಈ ಕಿಂಡಿ ಅಲ್ಲಿಗೇ ಮುಚ್ಚಿರುತ್ತದೆ.

ದಿನನಿತ್ಯದ ಓಡಾಟದಲ್ಲಿ ಓಸಿಐ ಚೆನ್ನಾಗಿಯೇ ಕೆಲಸ ಮಾಡುತ್ತದೆ. ವಿದೇಶಿಯರ ನೋಂದಣಿ ಕಚೇರಿಗೆ ಅಲೆಯಬೇಕಿಲ್ಲ. ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿದ್ದರೆ ಆಧಾರ್ ಸಿಗುತ್ತದೆ. ಹಂಪಿಯ ವಿಠ್ಠಲ ದೇವಸ್ಥಾನದ ಟಿಕೆಟ್ ಕಿಟಕಿಯಲ್ಲಿ ಕಾರ್ಡ್ ತೋರಿಸಿದರೆ ಭಾರತೀಯರ ದರವೇ. ಆದರೆ ಕೇಳಿದರಷ್ಟೇ ತೋರಿಸೋಣ ಅಂತ ಕೂತರೆ ಪಾಸ್‌ಪೋರ್ಟ್ ನೋಡಿ ವಿದೇಶಿ ಟಿಕೆಟ್ ಹರಿದುಕೊಟ್ಟಿರುತ್ತಾರೆ. ಮಕ್ಕಳ ಅಮೆರಿಕನ್ ಪಾಸ್‌ಪೋರ್ಟ್ ಹದಿನಾರಕ್ಕಿಂತ ಮೊದಲು ಮಾಡಿಸಿದ್ದಾದರೆ ಐದೇ ವರ್ಷದ್ದು. ಪ್ರತಿ ಸಲ ಹೊಸದು ಬಂದಾಗ ಮೂರು ತಿಂಗಳೊಳಗೆ ಓಸಿಐ ಜಾಲತಾಣದಲ್ಲಿ ಹೊಸ ಪಾಸ್‌ಪೋರ್ಟ್ ಪ್ರತಿ ಮತ್ತು ಫೋಟೊ ಏರಿಸಬೇಕು. ಇದಕ್ಕೆ ಶುಲ್ಕವಿಲ್ಲ. ಹೊಸ ಕಾರ್ಡನ್ನೇ ಮಾಡಿಸಬೇಕಾದದ್ದು 20 ತುಂಬಿದ ಮೇಲೆ ಬರುವ ಪಾಸ್‌ಪೋರ್ಟಿಗೆ, ಒಂದು ಸಲ ಮಾತ್ರ. ಅಜ್ಜನ ತೋಟವನ್ನು ಓಸಿಐ ಇರುವ ಮೊಮ್ಮಗ ವಾರಸಿನಲ್ಲಿ ಪಡೆಯಬಹುದು, ಪಕ್ಕದ ಎರಡು ಎಕರೆ ಕೊಳ್ಳುವಂತಿಲ್ಲ.

ಶಾಲೆ ಸುಲಭ, ಸೀಟು ಕಷ್ಟ

ಶಾಲೆಯ ಹಂತದಲ್ಲಿ ಎರಡೂ ಸಮ. ಸಿಬಿಎಸ್‌ಇ, ಐಸಿಎಸ್‌ಇ, ಅಂತರರಾಷ್ಟ್ರೀಯ ಪಠ್ಯಕ್ರಮಗಳಾದ ಐಬಿ, ಕೇಂಬ್ರಿಡ್ಜ್ ಯಾವುದಕ್ಕೂ ಪೌರತ್ವ ಅಡ್ಡಬರುವುದಿಲ್ಲ. ರಾಜ್ಯದ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯೂ ಪಾಸ್‌ಪೋರ್ಟ್ ನೋಡಿ ಅನ್ವಯವಾಗುವಂಥದ್ದಲ್ಲ. ನಡುವೆ ಬಂದು ಸೇರುವ ಮಕ್ಕಳಿಗೆ ವಿನಾಯಿತಿ ಕೇಳುವ ದಾರಿ ಇದೆ, ಆದರೂ ಕೇಳದಿರುವುದೇ ಒಳ್ಳೆಯದು. ಎಂಟನೇ ತರಗತಿಯ ಹುಡುಗ ಅಕ್ಷರ ಕಲಿಯುವುದಕ್ಕೆ ಒಂದು ಬೇಸಿಗೆ ಸಾಕು. ಬರದೇ ಇದ್ದರೆ ಬಸ್ಸಿನ ಬೋರ್ಡಿನಿಂದ ಹಿಡಿದು ಸಹಪಾಠಿಗಳ ತಮಾಷೆಯವರೆಗೆ ಎಲ್ಲದರಲ್ಲೂ ಹೊರಗಿನವನಾಗುತ್ತಾನೆ.

ತೊಡಕು ಶುರುವಾಗುವುದು ಹನ್ನೆರಡರ ನಂತರ. 2020ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ವೃತ್ತಿಪರ ಕೋರ್ಸುಗಳ ವಿಷಯದಲ್ಲಿ ಓಸಿಐ ವಿದ್ಯಾರ್ಥಿಗಳ ಪರವಾಗಿ ತೀರ್ಪು ಕೊಟ್ಟಿತ್ತು. ಮೂರೇ ತಿಂಗಳಲ್ಲಿ, 2021ರ ಮಾರ್ಚ್ 4ರಂದು, ಕೇಂದ್ರ ಗೃಹ ಸಚಿವಾಲಯ ಹೊಸ ಅಧಿಸೂಚನೆ ಹೊರಡಿಸಿತು: ನೀಟ್, ಜೆಇಇಯಂಥ ಪರೀಕ್ಷೆ ಬರೆಯಬಹುದು, ಆದರೆ ಎನ್‌ಆರ್‌ಐ ಸೀಟು ಅಥವಾ ಸೂಪರ್‌ನ್ಯೂಮರರಿ (ನಿಗದಿತ ಸಂಖ್ಯೆಯ ಮೇಲೆ ಸೇರಿಸಿದ ಹೆಚ್ಚುವರಿ) ಸೀಟಿಗೆ ಮಾತ್ರ ಅರ್ಹತೆ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಕೊಡಗಿನವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಇದ್ದ ಪೀಠ 2023ರ ಫೆಬ್ರವರಿಯಲ್ಲಿ ಅಧಿಸೂಚನೆಯನ್ನು ಹಿಂದಿನ ದಿನಾಂಕದಿಂದ ಅನ್ವಯಿಸುವಂತಿಲ್ಲ ಎಂದಿತು. ಹೀಗಾಗಿ 2021ರ ಮಾರ್ಚ್ 4ಕ್ಕೆ ಮೊದಲು ಓಸಿಐ ಪಡೆದವರಿಗೆ ಹಳೆಯ ಹಕ್ಕು ಉಳಿಯಿತು.

ಇದರ ಅರ್ಥ, ಒಂದೇ ತರಗತಿಯ ಇಬ್ಬರು ಓಸಿಐ ಮಕ್ಕಳ ದಾರಿಯೂ ಬೇರೆ. ಕಾರ್ಡಿನ ಮೇಲೆ 2019 ಅಂತ ಇದ್ದವಳು ವೈದ್ಯಕೀಯ ಸೀಟಿಗೆ ಭಾರತೀಯರ ಸಾಲಿನಲ್ಲಿ ನಿಲ್ಲಬಹುದು. 2022ರ ಕಾರ್ಡಿನವನಿಗೆ ಉಳಿಯುವುದು ಖಾಸಗಿ ಕಾಲೇಜಿನ ಎನ್‌ಆರ್‌ಐ ಕೋಟಾ, ಅದರ ಶುಲ್ಕವನ್ನು ಸರ್ಕಾರಿ ಸೀಟಿನ ಪಕ್ಕದಲ್ಲಿಟ್ಟು ನೋಡಿದರೆ ತಲೆ ತಿರುಗುತ್ತದೆ. ಕಾರ್ಡಿನ ಮೊದಲ ವಿತರಣಾ ದಿನಾಂಕವೇ ದಾಖಲೆಯಾದ್ದರಿಂದ ಮರುವಿತರಣೆ ಮಾಡಿಸಿದವರು ಹಳೆಯ ಕಾರ್ಡಿನ ಪ್ರತಿಯನ್ನು ಜೋಪಾನವಾಗಿಡಬೇಕು. ಹೊಸದರ ಮೇಲಿನ ದಿನಾಂಕ ನೋಡಿ ಗುಮಾಸ್ತರು ಅರ್ಜಿ ವಾಪಸ್ ಕಳಿಸುವುದುಂಟು.

ಎಂಜಿನಿಯರಿಂಗಿನಲ್ಲಿ ಹೊಡೆತ ಇಷ್ಟು ಜೋರಾಗಿಲ್ಲ. ಸುರತ್ಕಲ್ಲಿನ ಎನ್‌ಐಟಿಕೆ ಸೇರಿದಂತೆ ಎನ್‌ಐಟಿಗಳಿಗೆ ಹೊರದೇಶದ ವಿದ್ಯಾರ್ಥಿಗಳಿಗಾಗಿ ಇರುವ ‘ದಾಸಾ’ ಪ್ರವೇಶ ಯೋಜನೆಯಡಿ ಜೆಇಇ ಮೇನ್ ರ‍್ಯಾಂಕಿನ ಮೇಲೆ ಸೇರಬಹುದು, ಶುಲ್ಕ ಡಾಲರಿನಲ್ಲಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೂ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಕೆಸಿಇಟಿಗೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿದ ದಾಖಲೆ ಬೇಕು. ಒಂಬತ್ತನೇ ತರಗತಿಗೆ ದುಬೈನಿಂದ ಬಂದ ಮಗುವಿಗೆ ಅಷ್ಟು ವರ್ಷ ಆಗುವುದೇ ಇಲ್ಲ. ಐಬಿ ಓದಿದವರಿಗೆ ಇನ್ನೊಂದು ಪೇಚು: ಅದರ ಫಲಿತಾಂಶ ಬರುವುದು ಜುಲೈ ಮೊದಲ ವಾರ. ಅಷ್ಟರಲ್ಲಿ ಇಲ್ಲಿನ ಪ್ರವೇಶ ಪ್ರಕ್ರಿಯೆ ಅರ್ಧ ದಾರಿ ಸಾಗಿರುತ್ತದೆ. ಭಾರತದಲ್ಲೇ ಎಂಜಿನಿಯರಿಂಗ್ ಅಂತ ಖಚಿತವಾಗಿದ್ದರೆ ಹನ್ನೊಂದಕ್ಕೆ ಪಿಯುಸಿಯೋ ಸಿಬಿಎಸ್‌ಇಯೋ ಲೇಸು. ಹೊರದೇಶಕ್ಕೆ ಮರಳುವ ಯೋಚನೆಯಿದ್ದರೆ ಮಾತ್ರ ಐಬಿಯ ದುಬಾರಿ ಶುಲ್ಕಕ್ಕೆ ಅರ್ಥ.

ಮೈದಾನದಲ್ಲಿ

ಇಲ್ಲಿ ಓಸಿಐ ಖಂಡಿತ ಸೋಲುತ್ತದೆ. 2008ರ ಡಿಸೆಂಬರಿನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಭಾರತದ ಪಾಸ್‌ಪೋರ್ಟ್ ಇರುವವರು ಮಾತ್ರ ಭಾರತವನ್ನು ಪ್ರತಿನಿಧಿಸಬಹುದು ಎಂದು ನೀತಿ ಮಾಡಿತು. ಅದಕ್ಕೂ ಮೊದಲು ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡೇ ಟೆನಿಸ್‌ನಲ್ಲಿ ಪ್ರಕಾಶ್ ಅಮೃತರಾಜ್ ಡೇವಿಸ್ ಕಪ್ ಆಡಿದ್ದರು, ಸುನೀತಾ ರಾವ್ ಬೀಜಿಂಗ್ ಒಲಿಂಪಿಕ್ಸಿಗೂ ಹೋಗಿಬಂದಿದ್ದರು. ಆಮೇಲೆ ಬಾಗಿಲು ಮುಚ್ಚಿತು. ಫುಟ್‌ಬಾಲಿನಲ್ಲಿ ಜಪಾನಿನಲ್ಲಿ ಹುಟ್ಟಿದ ಅರಾತಾ ಇಜುಮಿ ಆ ದೇಶದ ಪೌರತ್ವ ಬಿಟ್ಟ ಮೇಲೆಯೇ ಭಾರತದ ಅಂಗಿ ತೊಟ್ಟದ್ದು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಕೂಡ 2025ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟೇ ಭಾರತದ್ದನ್ನು ಪಡೆದದ್ದು.

ರಾಷ್ಟ್ರೀಯ ತಂಡದ ಮಾತು ದೂರವಾಯಿತು ಅನ್ನುವವರು ಕ್ಲಬ್ಬಿನ ನೋಂದಣಿಯನ್ನೇ ನೋಡಿ. ಫಿಫಾ ನಿಯಮದಂತೆ 18ರೊಳಗಿನವರ ಅಂತರರಾಷ್ಟ್ರೀಯ ವರ್ಗಾವಣೆಗೆ ನಿಷೇಧವಿದೆ. ಆ ದೇಶದ ಪ್ರಜೆಯಲ್ಲದ, ಅಲ್ಲಿ ಸತತ ಐದು ವರ್ಷ ವಾಸಿಸದ ಮಗುವಿನ ಮೊದಲ ನೋಂದಣಿಗೂ ಅದೇ ಕಟ್ಟಳೆ. ಡಲ್ಲಾಸಿನಿಂದ ಬಂದ ಹದಿನಾಲ್ಕರ ಹುಡುಗನಿಗೆ ಓಸಿಐ ಇದ್ದರೂ ಅವನು ವಿದೇಶಿಯೇ. ವಿನಾಯಿತಿ ಸಿಗುವುದು ತಂದೆ ತಾಯಿ ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಊರು ಬದಲಿಸಿದ್ದರೆ. ಅದಕ್ಕೆ ಅವರ ಉದ್ಯೋಗ ಪತ್ರ, ವಾಸದ ದಾಖಲೆ, ಮಗುವಿನ ಜನನ ಪ್ರಮಾಣಪತ್ರ ಬೇಕು. ಅಪ್ಪ ಅಮ್ಮ ಅಲ್ಲೇ ಇದ್ದು ಮಗನನ್ನು ಅಜ್ಜಿ ಮನೆಗೆ ಕಳಿಸಿದ್ದರೆ ಈ ವಿನಾಯಿತಿ ದಕ್ಕುವುದು ಕಷ್ಟ. ಅಲ್ಲಿನ ಕ್ಲಬ್ಬಿನಲ್ಲಿ ಹತ್ತು ವರ್ಷ ದಾಟಿದ ಮೇಲೆ ನೋಂದಣಿಯಾಗಿದ್ದರೆ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರವೂ ಬರಬೇಕು. ಟೂರ್ನಿ ಶುರುವಾಗುವ ವಾರದಲ್ಲಿ ಇದನ್ನು ಹುಡುಕಿಕೊಂಡು ಹೊರಟರೆ ಆ ಋತು ಬೆಂಚಿನ ಮೇಲೆಯೇ ಕಳೆಯುತ್ತದೆ.

ಕ್ರಿಕೆಟ್ಟಿನಲ್ಲಿ ಲೆಕ್ಕ ತಿರುವುಮುರುವು. ಐಸಿಸಿ ಪ್ರಕಾರ ಹುಟ್ಟಿದ ದೇಶ, ಪಾಸ್‌ಪೋರ್ಟ್ ಅಥವಾ ಮೂರು ವರ್ಷದ ವಾಸ, ಇವುಗಳಲ್ಲಿ ಯಾವುದಾದರೊಂದು ಇದ್ದರೆ ಅರ್ಹತೆ. ಇದರ ಲಾಭ ಪಡೆದವರಲ್ಲಿ ನಾಸ್ತುಶ್ ಕೆಂಜಿಗೆ ನಮ್ಮವರೇ. ಅಲಬಾಮಾದಲ್ಲಿ ಹುಟ್ಟಿ, ಚಿಕ್ಕಮಗಳೂರು ಬೆಂಗಳೂರುಗಳಲ್ಲಿ ಬೆಳೆದ ಈ ಎಡಗೈ ಸ್ಪಿನ್ನರ್ 2024ರ ಟಿ20 ವಿಶ್ವಕಪ್ಪಿನಲ್ಲಿ ಅಮೆರಿಕ ಪರ ಪಾಕಿಸ್ತಾನದ ವಿರುದ್ಧ 30 ರನ್ನಿಗೆ 3 ವಿಕೆಟ್ ಕಿತ್ತರು. ಅಮೆರಿಕ ಸೂಪರ್ ಓವರಿನಲ್ಲಿ ಗೆದ್ದಿತು. ಬೆಂಗಳೂರು ಮೂಲದ ಮನೆಯಲ್ಲಿ ವೆಲಿಂಗ್ಟನ್ನಿನಲ್ಲಿ ಹುಟ್ಟಿದ ರಚಿನ್ ರವೀಂದ್ರ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ಪರ ಶತಕ ಬಾರಿಸಿದ್ದಾರೆ. ಐಪಿಎಲ್ಲಿನಲ್ಲಿ ಅವರು ವಿದೇಶಿ ಆಟಗಾರ, ಅಂದರೆ ಹನ್ನೊಂದರಲ್ಲಿ ನಾಲ್ಕೇ ಜಾಗಕ್ಕೆ ಪೈಪೋಟಿ. ಚೆನ್ನಾಗಿ ಬ್ಯಾಟ್ ಬೀಸುವ ಅಮೆರಿಕ ಸಂಜಾತ ಹುಡುಗನಿಗೆ ಆ ಪಾಸ್‌ಪೋರ್ಟ್ ಬಿಡಿ ಅಂತ ಹೇಳುವ ಧೈರ್ಯ ನಮಗಂತೂ ಇಲ್ಲ. ರಾಜ್ಯ ತಂಡದ ಹೊಸ್ತಿಲಲ್ಲಿ ನಿಂತಿರುವ ನೂರಾರು ಹುಡುಗರಿಗಿಂತ ಅವನಿಗೆ ಅಲ್ಲಿ ಸರದಿ ಚಿಕ್ಕದು. ಅದೇ ಹುಡುಗ ಬ್ಯಾಡ್ಮಿಂಟನ್ ಆಡುತ್ತಿದ್ದು ಇಲ್ಲಿನ ತರಬೇತಿಯನ್ನೇ ನಂಬಿದ್ದರೆ ಸಲಹೆ ಬೇರೆಯಾಗುತ್ತದೆ. ಒಂದು ದೇಶದ ಪರ ಆಡಿ ಇನ್ನೊಂದಕ್ಕೆ ಜಿಗಿದವರಿಗೆ ಒಲಿಂಪಿಕ್ಸಿನಲ್ಲಿ ಸಾಮಾನ್ಯವಾಗಿ ಮೂರು ವರ್ಷ ಕಾಯುವಿಕೆ ಇದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಓಟು

ಓಸಿಐ ಇರುವವರಿಗೆ ಮತವಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸರ್ಕಾರಿ ನೌಕರಿಯೂ ಇಲ್ಲ. ಪತ್ರಿಕೋದ್ಯಮ, ಸಂಶೋಧನೆಯಂಥವಕ್ಕೆ ವಿಶೇಷ ಅನುಮತಿ ಬೇಕು. ಕಾಲೇಜಿನ ರಜೆಯಲ್ಲಿ ಪತ್ರಿಕೆಯೊಂದರಲ್ಲಿ ಇಂಟರ್ನ್ ಆಗಹೊರಟವರು ಇದನ್ನು ಮರೆಯುತ್ತಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗಿರುವವರು 18ಕ್ಕೆ ನಮೂನೆ 6ಎ ತುಂಬಿ ಹೆಸರು ಸೇರಿಸಬಹುದು, ಆದರೆ ಮೂಲ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಮತಗಟ್ಟೆಗೆ ಬರಬೇಕು. ವಿಮಾನದ ಟಿಕೆಟ್ ನೋಡಿದ ಮೇಲೆ ಈ ಹಕ್ಕಿನ ಬೆಲೆ ಗೊತ್ತಾಗುತ್ತದೆ. ಅಮೆರಿಕದವರು ಅಂಚೆಯಲ್ಲೇ ಮತಪತ್ರ ತರಿಸಿಕೊಳ್ಳುತ್ತಾರೆ.

ಬ್ರಿಟನ್ನಿನ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತದ ಪ್ರಜೆ ಕಾಮನ್‌ವೆಲ್ತಿನವರಾದ್ದರಿಂದ ಸಂಸತ್ತಿನ ಚುನಾವಣೆಗೂ ಮತ ಹಾಕಬಹುದು. ಎಡಿನ್‌ಬರೋದಲ್ಲಿ ಓದುವ ಹದಿನಾರರ ಹುಡುಗಿಗೆ ಸ್ಕಾಟ್ಲೆಂಡ್ ಸಂಸತ್ತಿಗೆ ಮತವಿದೆ. ಭಾರತದ ಪಾಸ್‌ಪೋರ್ಟ್ ಬಿಡದೆಯೇ ರಾಜಕೀಯದಲ್ಲಿ ಕೈಯಾಡಿಸಬೇಕೆನ್ನುವ ಹದಿಹರೆಯದವರಿಗೆ ಬ್ರಿಟನ್ ಎಷ್ಟೋ ಮೇಲು.

ಮರಳುವ ದಾರಿ

ಓಸಿಐ ಇಂದ ಭಾರತದ ಪೌರತ್ವಕ್ಕೆ ದಾರಿ ಇದೆ: ಕಾರ್ಡ್ ಪಡೆದು ಐದು ವರ್ಷ ಆಗಿರಬೇಕು, ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಇಲ್ಲೇ ವಾಸವಿರಬೇಕು, 18 ತುಂಬಿರಬೇಕು. ಕ್ರೀಡೆಯಲ್ಲಿರುವವರಿಗೆ ಈ ‘18’ ಎಂಬುದೇ ಅಡ್ಡಿ, ಕಿರಿಯರ ವಿಭಾಗದ ವಯಸ್ಸು ಬಹುಮಟ್ಟಿಗೆ ಅಷ್ಟರಲ್ಲಿ ಮುಗಿದಿರುತ್ತದೆ.

‘ಅಪ್ಪ ಅಮ್ಮ ಪೌರತ್ವ ಬಿಟ್ಟಾಗ ಮಗು ಚಿಕ್ಕದಿತ್ತು, 18 ತುಂಬಿ ವರ್ಷದೊಳಗೆ ಬರೆದುಕೊಟ್ಟರೆ ವಾಪಸ್ ಸಿಗುತ್ತದೆ’ ಎಂಬ ಮಾತನ್ನು ಈಗಲೂ ಕೆಲವು ಏಜೆಂಟರು ಹೇಳುತ್ತಾರೆ. ಕಾಯ್ದೆಯ 8(2)ರಲ್ಲಿ ಅಂಥ ಅವಕಾಶ ಇರುವುದು ನಿಜ. ಆದರೆ ಸಿಂಗಪುರದ ಪೌರತ್ವ ಪಡೆದ ದಂಪತಿಯ ಮಗನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ವಿಷಯ ಇತ್ಯರ್ಥ ಮಾಡಿದೆ. ವಿದೇಶಿ ಪೌರತ್ವ ಪಡೆದಾಗ ಭಾರತದ್ದು 9ನೇ ಸೆಕ್ಷನ್ನಿನಡಿ ತಾನಾಗಿ ಹೋಗುತ್ತದೆ, ಅದು 8ರಡಿಯ ತ್ಯಾಗವಲ್ಲ, ಹಾಗಾಗಿ ಮಕ್ಕಳಿಗೆ ಆ ದಾರಿ ಇಲ್ಲ.

ಯಾವುದನ್ನೇ ಆರಿಸಿಕೊಂಡರೂ ಹತ್ತನೇ ತರಗತಿಯ ಪರೀಕ್ಷಾ ಅರ್ಜಿ ತುಂಬುವ ಮುನ್ನ ಹೆಸರನ್ನು ಸರಿಮಾಡಿಕೊಳ್ಳಿ. ನಮ್ಮಲ್ಲಿ ಇನಿಷಿಯಲ್ ಹಚ್ಚುವ ರೂಢಿ, ಅಮೆರಿಕದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಡ್ಡಾಯ. ಓಸಿಐಯಲ್ಲಿ ಬರುವುದು ಪಾಸ್‌ಪೋರ್ಟಿನ ಹೆಸರೇ. ಅಂಕಪಟ್ಟಿಯಲ್ಲಿ ‘ಕೆ.ಎಸ್.’ ಅಂತಿದ್ದು ಪಾಸ್‌ಪೋರ್ಟಿನಲ್ಲಿ ಅಜ್ಜನ ಊರಿನ ಹೆಸರು ಕೊನೆಗೆ ಬಂದಿದ್ದರೆ, ಸೀಟು ಹಂಚಿಕೆಯ ದಾಖಲೆ ಪರಿಶೀಲನೆಯಲ್ಲೂ ಕ್ಲಬ್ಬಿನ ನೋಂದಣಿಯಲ್ಲೂ ಅಫಿಡವಿಟ್ ಕೇಳುತ್ತಾರೆ. ಅಂಕಪಟ್ಟಿ ಅಚ್ಚಾದ ಮೇಲಿನ ತಿದ್ದುಪಡಿಗೆ ತಿಂಗಳುಗಳು ಹಿಡಿಯುತ್ತವೆ. ಒಂಬತ್ತನೇ ತರಗತಿಯಲ್ಲಿ ಶಾಲೆಯ ದಾಖಲಾತಿ ಪುಸ್ತಕದಲ್ಲೇ ತಿದ್ದಿಸಿದರೆ ಒಂದು ಅರ್ಜಿಗೆ ಮುಗಿಯುತ್ತದೆ.