ಶೆಲ್ ಹಿಸ್ಟರಿ: ಎಫ್‌ಜೆಡ್‌ಎಫ್, ಮ್ಯಾಕ್‌ಫ್ಲೈ, ಅಟುಯಿನ್

ಟರ್ಮಿನಲ್‌ನಲ್ಲಿ ಹೊಡೆದ ಕಮಾಂಡುಗಳನ್ನು ಓಡಿಸುವ ಪ್ರೋಗ್ರಾಂ ಶೆಲ್, ಹೊಡೆದವುಗಳ ದಾಖಲೆಯೇ ಅದರ ಹಿಸ್ಟರಿ. ಬ್ಯಾಷ್ ಎಂಬ ಶೆಲ್, ಸೆಟ್ಟಿಂಗ್ ಬದಲಿಸದಿದ್ದರೆ, ನೆನಪಿಡುವುದು 500 ಕಮಾಂಡುಗಳನ್ನಷ್ಟೇ. ಅವನ್ನೂ ಟರ್ಮಿನಲ್ ಮುಚ್ಚುವಾಗ ಬರೆಯುತ್ತದೆ. ಎರಡು ಟರ್ಮಿನಲ್ ತೆರೆದಿದ್ದರೆ, ಹಳೆಯದರ ಕೊನೆಗೆ ಹೊಸದನ್ನು ಸೇರಿಸುವ ಹಿಸ್ಟ್‌ಅಪೆಂಡ್ ಆಯ್ಕೆ ಹಾಕದಿದ್ದಲ್ಲಿ, ಕೊನೆಗೆ ಮುಚ್ಚಿದ್ದೇ ಗೆಲ್ಲುತ್ತದೆ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಹೊಡೆದ ಕಮಾಂಡ್ ಮನೆಯ ಕಂಪ್ಯೂಟರಿನಲ್ಲಿ ಸಿಗುವ ಮಾತಂತೂ ದೂರ. ಇದಕ್ಕೆ ಮದ್ದು ಹುಡುಕುತ್ತಾ ಮೂರು ಉಪಕರಣಗಳನ್ನು ಬಳಸಿ ನೋಡಿದೆ.

ಎಫ್‌ಜೆಡ್‌ಎಫ್ ಅತ್ಯಂತ ಹಗುರ. ಕಂಟ್ರೋಲ್-ಆರ್ ಒತ್ತಿದರೆ ಇಡೀ ಹಿಸ್ಟರಿ ಪಟ್ಟಿಯಾಗಿ ತೆರೆದುಕೊಳ್ಳುತ್ತದೆ, ಅಕ್ಷರಗಳನ್ನು ಅಲ್ಲೊಂದು ಇಲ್ಲೊಂದು ಟೈಪಿಸಿದರೂ ಹಿಡಿದುಕೊಡುತ್ತದೆ. ಪದದ ಆರಂಭದಲ್ಲಿ ಆಶ್ಚರ್ಯಸೂಚಕ ಹಾಕಿದರೆ ಆ ಪದವಿರುವ ಸಾಲುಗಳು ಮಾಯವಾಗುತ್ತವೆ. ಹುಡುಕುವ ಸುಖದಲ್ಲಿ ಇದನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. ಆದರೆ ಅದು ಓದುವುದು ಶೆಲ್‌ನ ಅದೇ ಹಳೆಯ ಫೈಲನ್ನು. ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ಕಮಾಂಡನ್ನು ಹುಡುಕಿದರೆ ಒಂದೇ ತರಹದ ಎಂಟು ಸಾಲು ಬರುತ್ತವೆ. ಯಾವುದು ಕೆಲಸ ಮಾಡಿತು, ಯಾವುದು ಅರ್ಧಕ್ಕೆ ಸತ್ತಿತು ಎಂಬುದಕ್ಕೆ ಫೈಲಿನಲ್ಲೇ ಉತ್ತರವಿಲ್ಲ.

ಮ್ಯಾಕ್‌ಫ್ಲೈ ಈಗಿರುವ ಫೋಲ್ಡರ್, ಹಿಂದಿನ ಕಮಾಂಡುಗಳು ಮುಂತಾದವನ್ನು ಒಂದು ಪುಟ್ಟ ನರಜಾಲಕ್ಕೆ (ನ್ಯೂರಲ್ ನೆಟ್‌ವರ್ಕ್) ಕೊಟ್ಟು, ಮುಂದೆ ಬೇಕಾಗುವುದನ್ನು ಮೇಲಕ್ಕೆ ತರುತ್ತದೆ. ಊಹೆ ಹಲವು ಸಲ ಸರಿ. ಆದರೆ ಪಟ್ಟಿಯ ಕ್ರಮ ಬದಲಾಗುತ್ತಲೇ ಇದ್ದರೆ ಬೆರಳಿಗೆ ಅಭ್ಯಾಸ ಕೂರುವುದಿಲ್ಲ. ಕಂಪ್ಯೂಟರುಗಳ ನಡುವೆ ಸಿಂಕ್ ಕೂಡ ಇಲ್ಲ. ಅಲ್ಲಿಗೆ ಅದನ್ನು ಬಿಟ್ಟೆ.

ರಸ್ಟ್ ಭಾಷೆಯಲ್ಲಿ ಬರೆದ ಅಟುಯಿನ್ ಬೇರುಮಟ್ಟದಿಂದಲೇ ಬೇರೆ. ಪ್ರತಿ ಕಮಾಂಡಿನ ಜೊತೆ ಫೋಲ್ಡರ್, ಕಂಪ್ಯೂಟರಿನ ಹೆಸರು, ತಗುಲಿದ ಸಮಯ, ಗೆದ್ದಿತೋ ಸೋತಿತೋ ಹೇಳುವ ನಿರ್ಗಮನ ಸಂಕೇತ ಎಲ್ಲವನ್ನೂ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿಡುತ್ತದೆ. ಅದೇ ಆರ್‌ಸಿಂಕ್ ಹುಡುಕಿದಾಗ ಗೆದ್ದ ಸಾಲಿನ ಅವಧಿ ಹಸಿರು, ಸೋತದ್ದರದು ಕೆಂಪು. ಎಂಟರಲ್ಲಿ ಬೇಕಾದದ್ದು ಕಣ್ಣಿಗೆ ತಾನಾಗಿ ಬೀಳುತ್ತದೆ. ಕಂಟ್ರೋಲ್-ಆರ್ ಮತ್ತೆ ಮತ್ತೆ ಒತ್ತಿದರೆ ಹುಡುಕಾಟ ಈ ಕಂಪ್ಯೂಟರಿಗೆ, ಈ ಸೆಷನ್ನಿಗೆ, ಈ ಫೋಲ್ಡರಿಗೆ ಎಂದು ಕಿರಿದಾಗುತ್ತದೆ.

ಸಿಂಕ್‌ಗೆ ಹೊರಡುವ ಮುನ್ನವೇ ದತ್ತಾಂಶ ನಮ್ಮ ಕಂಪ್ಯೂಟರಿನಲ್ಲಿ ಗೂಢಲಿಪಿಯಾಗುತ್ತದೆ, ಸರ್ವರಿನವರಿಗೆ ಓದಲಾಗದು. ಬೇಕಿದ್ದರೆ ಸ್ವಂತ ಸರ್ವರ್ ನಡೆಸಬಹುದು. ಗೂಢಲಿಪಿ ಬಿಡಿಸುವ ಕೀಲಿಯನ್ನು ಮಾತ್ರ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಬರೆದಿಡಿ, ಕಳೆದರೆ ಸರ್ವರಿನಲ್ಲಿರುವ ಪ್ರತಿಯಿಂದ ಪ್ರಯೋಜನವಿಲ್ಲ. ಹಿಸ್ಟರಿ ಫೈಲನ್ನೇ, ಕಂಪ್ಯೂಟರುಗಳ ನಡುವೆ ಫೈಲುಗಳನ್ನು ಹೊಂದಿಸುವ ಸಿಂಕ್‌ಥಿಂಗ್‌ಗೆ ಒಪ್ಪಿಸುವ ಉಪಾಯವೂ ಇದೆ. ಆದರೆ ಎರಡೂ ಕಡೆ ಒಟ್ಟಿಗೆ ಬದಲಾದರೆ ಅದು ಸಾಲುಗಳನ್ನು ಬೆಸೆಯುವುದಿಲ್ಲ, ಸಂಘರ್ಷದ ಪ್ರತಿಯೊಂದನ್ನು ಪಕ್ಕಕ್ಕಿಟ್ಟು ಸುಮ್ಮನಾಗುತ್ತದೆ.

ಅಟುಯಿನ್‌ನ ಎರಡು ಚಾಳಿ ನನಗೆ ಹಿಡಿಸಲಿಲ್ಲ. ಹಿಂದಿನ ಕಮಾಂಡ್ ತರುವ ಮೇಲ್ಬಾಣದ ಕೀಲಿಯನ್ನೂ ಅದು ಕಬಳಿಸುತ್ತದೆ. ಈಗಷ್ಟೇ ಹೊಡೆದ ಕಮಾಂಡಿಗೆ ಪರದೆ ತುಂಬ ಪಟ್ಟಿ ಯಾರಿಗೆ ಬೇಕು? ಅದನ್ನು ಮೊದಲ ದಿನವೇ ನಿಲ್ಲಿಸಿದೆ. ಹೊಸದಾಗಿ ಹಾಕಿದಾಗ ಎಂಟರ್ ಒತ್ತಿದರೆ ಆಯ್ದ ಕಮಾಂಡ್ ನೇರವಾಗಿ ಓಡಿಬಿಡುತ್ತದೆ, ತಿದ್ದಬೇಕಾದರೆ ಟ್ಯಾಬ್. ಅಳಿಸುವ ಕಮಾಂಡುಗಳಿರುವ ಹಿಸ್ಟರಿಗೆ ಇದು ಸಲ್ಲದು, ಸೆಟ್ಟಿಂಗ್ ಬದಲಿಸಿ.

ನನ್ನ ಎರಡು ಕಂಪ್ಯೂಟರುಗಳಲ್ಲಿ ಅಟುಯಿನ್ ಉಳಿದಿದೆ. ಹಲವರು ಒಂದೇ ಖಾತೆಯಿಂದ ಲಾಗಿನ್ ಆಗುವ ಸರ್ವರಿನಲ್ಲಿ ಅದನ್ನು ಹಾಕುವುದಿಲ್ಲ: ಅವರ ಕಮಾಂಡುಗಳೂ ನನ್ನ ಹಿಸ್ಟರಿಗೆ ಸೇರಿಬಿಡುತ್ತವೆ. ಅಲ್ಲಿ ಎಫ್‌ಜೆಡ್‌ಎಫ್ ಸಾಕು.